ಹತ್ತಿ ಹಕ್ಕಿಯಾದ ಬಗೆ: ವಯಸ್ಸು, ಮಿದುಳು ಮತ್ತು ನಾದ

ಕಳೆದ ಸಾಲಿನ ಅಭ್ಯಾಸ ಬೋಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ‘ಕಪ್ಪುಮಣ್ಣಿನಲ್ಲಿ ಚೆನ್ನಾಗಿ ಬರುವ ಬೆಳೆ ಯಾವುದು?’ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಮುಂದಿನ ಸಾಲಿನ ಹುಡುಗಿ ‘ಹಕ್ಕಿ’ ಎಂದಳು. ಅವರು ‘ಸರಿ’ ಎಂದು ಮುಂದೆ ಹೋದರು. ನಾನು ವೀಕ್ಷಣಾ ಪತ್ರದಲ್ಲಿ ‘ತಪ್ಪು ಉತ್ತರವನ್ನು ತಿದ್ದಲಿಲ್ಲ’ ಎಂದು ಬರೆದೆ. ಚರ್ಚೆಯ ವೇಳೆ ತಿಳಿಯಿತು, ಹುಡುಗಿ ಹೇಳಿದ್ದು ‘ಹತ್ತಿ’. ಷರಾ ಹೊಡೆದುಹಾಕಿದೆ. ಇಂಥವು ಇನ್ನೆಷ್ಟು ಉಳಿದಿವೆಯೋ ಎಂಬ ಅಳುಕು ಮಾತ್ರ ಹೋಗಿಲ್ಲ.

ಶ್ರವಣ ಪರೀಕ್ಷೆಯಲ್ಲಿ ‘ವಯಸ್ಸಿಗೆ ತಕ್ಕಂತಿದೆ’ ಎಂದರು. ಆ ಪರೀಕ್ಷೆ ನಡೆಯುವುದು ನಿಶ್ಶಬ್ದ ಕೋಣೆಯಲ್ಲಿ. ನಮ್ಮ ತರಗತಿಯಲ್ಲಿ ಫ್ಯಾನು ತಿರುಗುತ್ತದೆ, ಪಕ್ಕದ ಕೋಣೆಯಲ್ಲಿ ಮಗ್ಗಿ ನಡೆದಿರುತ್ತದೆ.

ಒಳಕಿವಿಯ ಶಂಖದಲ್ಲಿರುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎತ್ತರದ ಆವರ್ತನಗಳನ್ನು ಹಿಡಿಯುವವು ಮೊದಲು ಸೋಲುತ್ತವೆ. ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿದೆ, ಹಾಗಾಗಿ ‘ಯಾರೋ ಮಾತಾಡಿದರು’ ಎಂದು ಕೇಳಿಸುತ್ತದೆ. ತ, ಕ, ಸ, ಶಗಳ ಗುರುತು ಮೇಲಿನ ಆವರ್ತನಗಳಲ್ಲಿರುವುದರಿಂದ ‘ಏನು ಹೇಳಿದರು’ ಎಂಬುದು ಜಾರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಪಾಠವಾದೀತು. ತ ಮತ್ತು ಕಗಳನ್ನು ಬೇರ್ಪಡಿಸುವ ಸುಳಿವು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಲ್ಲಿ ಮುಗಿಯುತ್ತದೆ. ವಯಸ್ಸಾದಂತೆ ಮಿದುಳಿನ ನರಕೋಶಗಳು ಆ ವೇಗಕ್ಕೆ ಒಟ್ಟಾಗಿ ಸ್ಪಂದಿಸಲಾರವು. ಬೇಡದ ಸದ್ದನ್ನು ತಡೆಯುವ ಶಕ್ತಿಯೂ ಕುಗ್ಗುತ್ತದೆ. ವಿಚಿತ್ರವೆಂದರೆ, ಹಿರಿಯರ ಶ್ರವಣ ವಲ್ಕದ ಪ್ರತಿಕ್ರಿಯೆ ಎಷ್ಟೋ ಬಾರಿ ಕಿರಿಯರದಕ್ಕಿಂತ ದೊಡ್ಡದು! ದೊಡ್ಡದಾದ ಮಾತ್ರಕ್ಕೆ ಸ್ಪಷ್ಟವಲ್ಲ. ಆದ್ದರಿಂದಲೇ ‘ಜೋರಾಗಿ ಹೇಳು’ ಎಂದರೆ ಮಗು ಕಿರುಚುತ್ತದೆ, ನಮಗೆ ಕಿರಿಕಿರಿಯಾಗುತ್ತದೆ, ಉತ್ತರ ಮಾತ್ರ ಗೊತ್ತಾಗುವುದಿಲ್ಲ. ತುಸು ನಿಧಾನವಾಗಿ, ಮುಖ ಕಾಣುವಂತೆ ಹೇಳಿದರೆ ಗೊತ್ತಾಗುತ್ತದೆ.

ಸಂಗೀತದ ಕಥೆ ಇಷ್ಟು ನಿರಾಶೆಯದಲ್ಲ. ಲಯ ನಿಧಾನವಾದದ್ದು, ಪರಿಚಿತ ಹಾಡಿನ ಮುಂದಿನ ಸ್ವರವನ್ನು ಮಿದುಳು ಮೊದಲೇ ಊಹಿಸಿರುತ್ತದೆ. ಹರೆಯದಲ್ಲಿ ಕೇಳಿದ ಹಾಡುಗಳು ಗಟ್ಟಿಯಾಗಿ ಉಳಿಯುತ್ತವೆ; ಮರೆವಿನ ರೋಗ ಬಂದವರೂ ಕೆಲವೊಮ್ಮೆ ಜೊತೆಗೂಡಿ ಹಾಡುತ್ತಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನೀನಾ ಕ್ರಾಸ್ ಅವರ ತಂಡ, ಬಾಲ್ಯದಿಂದ ವಾದ್ಯ ಬಿಡದ ಹಿರಿಯರ ಮಿದುಳು ಮಾತಿನ ಸೂಕ್ಷ್ಮ ಕಾಲವನ್ನು ಹೆಚ್ಚು ನಿಖರವಾಗಿ ಹಿಡಿಯುವುದನ್ನು ಕಂಡಿತು. ಸಂಗೀತವೇ ಕಾರಣವೋ, ಒಳ್ಳೆಯ ಶ್ರವಣವುಳ್ಳವರೇ ಸಂಗೀತದಲ್ಲಿ ಉಳಿದರೋ ಎಂಬುದು ಇದರಿಂದ ಇತ್ಯರ್ಥವಾಗದು. ನಾನಂತೂ ಬೆಳಗಿನ ಪ್ರಾರ್ಥನೆಯಲ್ಲಿ ಈಗ ದನಿಗೂಡಿಸುತ್ತೇನೆ.

ಈಗ ನಾನು ಕೂರುವುದು ಬದಿಯ ಎರಡನೆಯ ಬೆಂಚಿನಲ್ಲಿ, ಮಕ್ಕಳ ಮುಖ ಕಾಣುವಲ್ಲಿ. ಇನ್ನೊಂದು ತೊಡಕಿದೆ: ವಿದ್ಯಾರ್ಥಿಯ ಉತ್ತರವನ್ನು ಶಿಕ್ಷಕರು ಪುನರುಚ್ಚರಿಸಬಾರದು ಎಂದು ಸೂಕ್ಷ್ಮ ಬೋಧನೆಯಲ್ಲಿ ನಾವೇ ಕಲಿಸುತ್ತೇವೆ. ಆ ನಿಯಮ ಮುರಿಯುವುದು ಬೇಡ, ಉತ್ತರದ ಮುಖ್ಯ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಿದ್ದೇನೆ. ಹಿಂದಿನ ಸಾಲಿನ ಮಕ್ಕಳಿಗೂ ‘ಹತ್ತಿ’ ಸರಿಯಾಗಿ ಕೇಳಿಸಿರಲಿಲ್ಲ ಎಂದು ಆಮೇಲೆ ತಿಳಿಯಿತು.