ಬಿಸಿಲೇರಿದ ಮೇಲೆ ಬರುವ ಹಕ್ಕಿಗಳು

ಹಕ್ಕಿ ನೋಡಲು ಹೋಗುವವರು ನಸುಕಿನಲ್ಲೇ ಏಳಬೇಕು ಎನ್ನುವುದು ಎಲ್ಲರೂ ಬಲ್ಲ ಮಾತು. ರಣಹದ್ದು ನೋಡಲು ಹೋಗುವವರಿಗೆ ಮಾತ್ರ ಆ ಅವಸರವಿಲ್ಲ. "ತಿಂಡಿ ತಿಂದುಕೊಂಡು ನಿಧಾನವಾಗಿ ಬನ್ನಿ. ಒಂಬತ್ತೂವರೆ ಆಗದೆ ಅವು ಮರ ಬಿಡುವುದಿಲ್ಲ" ಎಂದು ಮಸಿನಗುಡಿಯ ಮಾರ್ಗದರ್ಶಿ ಮೊದಲೇ ತಿಳಿಸಿದ್ದರು. ಐದಾರು ಕಿಲೋ ತೂಗುವ ಹಕ್ಕಿ ಅದು. ಕಾಗೆಯ ಹಾಗೆ ರೆಕ್ಕೆ ಬಡಿದುಕೊಂಡು ದಿನವಿಡೀ ಹಾರುವುದು ಅದಕ್ಕೆ ಸಾಧ್ಯವಿಲ್ಲ. ನೆಲ ಕಾದು, ಬಿಸಿಗಾಳಿ ಮೇಲೇಳಲು ಶುರುವಾದ ಮೇಲೆ ಆ ಗಾಳಿಯ ಮೇಲೆ ರೆಕ್ಕೆ ಹರಡಿ ಸುತ್ತುತ್ತಾ ಸುತ್ತುತ್ತಾ ಮೇಲಕ್ಕೆ ಹೋಗುತ್ತದೆ. ಬಿಸಿಲು ಬಾರದ ದಿನ ಅದಕ್ಕೂ ರಜೆ.

ಜನವರಿಯ ಒಂದು ಶನಿವಾರ ಗೂಡಲೂರು ಕಡೆಯ ಆರು ಕುಟುಂಬಗಳಿಂದ ನಾವು ಹತ್ತೊಂಬತ್ತು ಮಂದಿ ಒಂದು ಮಿನಿ ಬಸ್ಸಿನಲ್ಲಿ ಹೊರಟೆವು. ಒಂಬತ್ತು ವರ್ಷದ ಹುಡುಗಿಯಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಿಯವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಇಡೀ ಗುಂಪಿಗೆ ಎರಡು ಬೈನಾಕ್ಯುಲರ್. ಬುತ್ತಿ ಮಾತ್ರ ಬೇಕಾದಷ್ಟಿತ್ತು. ತೊರಪಳ್ಳಿ ದಾಟಿ, ತೆಪ್ಪಕಾಡಿನಲ್ಲಿ ಬಲಕ್ಕೆ ತಿರುಗಿ 7 ಕಿಲೋಮೀಟರ್ ಹೋದರೆ ಮಸಿನಗುಡಿ.

ಇಲ್ಲಿಯ ನೆಲದ ಬಗ್ಗೆ ಎರಡು ಮಾತು ಹೇಳಬೇಕು. ನೀಲಗಿರಿ ಬೆಟ್ಟದ ಉತ್ತರದ ಬುಡದಲ್ಲಿ ಹರಡಿರುವ ಈ ಬಯಲನ್ನು ಸೀಗೂರು ಪ್ರಸ್ಥಭೂಮಿ ಎನ್ನುತ್ತಾರೆ. ಮಳೆಯನ್ನು ಬೆಟ್ಟವೇ ತಡೆದುಬಿಡುವುದರಿಂದ ಇಲ್ಲಿ ಮುಳ್ಳುಗಿಡಗಳ ಕುರುಚಲು ಕಾಡು. ಅದರ ಅಂಚಿನಲ್ಲಿ ಮೊಯಾರ್ ನದಿ ಸುಮಾರು 20 ಕಿಲೋಮೀಟರ್ ಉದ್ದದ ಆಳವಾದ ಕಮರಿಯನ್ನು ಕೊರೆದಿದೆ. ಕಮರಿಯ ಆಚೆ ದಡ ಬಂಡೀಪುರ. ಅದೇ ನದಿ ಪೂರ್ವಕ್ಕೆ ಹರಿದು, ತಾಳವಾಡಿ ಬೆಟ್ಟಗಳ ಕೆಳಗೆ ಹಾದು ಭವಾನಿಸಾಗರ ಸೇರುತ್ತದೆ. ದಕ್ಷಿಣ ಭಾರತದಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟಿ ಮರಿ ಮಾಡುತ್ತಿರುವ ಮುಖ್ಯ ತಾಣ ಈ ನದಿಯ ಕಣಿವೆಯೇ. ಕೇರಳದಲ್ಲಾದರೆ ಅವು ಉಳಿದಿರುವುದು ವಯನಾಡಿನಲ್ಲಿ ಮಾತ್ರ. ಒಟ್ಟಿನಲ್ಲಿ, ಗಡಿಯಂಚಿನ ನಮ್ಮ ಊರುಗಳ ನೆತ್ತಿಯ ಮೇಲೆಯೇ ಅವು ಹಾರುತ್ತಿವೆ. ನಾವು ತಲೆ ಎತ್ತಿ ನೋಡುವುದು ಕಡಿಮೆಯಾಗಿದೆ, ಅಷ್ಟೇ.

ಗೂಡಿರುವ ಕಾಡಿನೊಳಕ್ಕೆ ಯಾರಿಗೂ ಪ್ರವೇಶವಿಲ್ಲ. ಹುಲಿ ರಕ್ಷಿತಾರಣ್ಯದ ರಸ್ತೆಯಲ್ಲಿ ವಾಹನದಿಂದ ಇಳಿಯುವಂತೆಯೂ ಇಲ್ಲ. ಆದ್ದರಿಂದ ಮಾರ್ಗದರ್ಶಿ ನಮ್ಮನ್ನು ಕರೆದುಕೊಂಡು ಹೋದದ್ದು ಊರಂಚಿನ ಒಂದು ಬಯಲಿಗೆ. ಸುತ್ತ ದನಗಳು ಮೇಯುತ್ತಿದ್ದವು. ಎದುರಿಗೆ ನೀಲಗಿರಿಯ ಬಂಡೆಗೋಡೆ, ಹಿಂದೆ ಕಮರಿಯ ಕಡೆಯ ಆಕಾಶ. "ಹಕ್ಕಿಯ ಹತ್ತಿರ ನಾವು ಹೋಗುವುದು ಬೇಡ, ಅದೇ ನಮ್ಮ ಮೇಲೆ ಬರುತ್ತದೆ" ಎಂದರು ಅವರು. ಆ ಊರಿನವರೇ ಆದ ಅವರು ಅರಣ್ಯ ಇಲಾಖೆಯ ಹಕ್ಕಿ ಎಣಿಕೆಗೂ ಹೋಗಿ ಬಂದವರು. ಮಾತು ಕನ್ನಡ, ತಮಿಳು ಎರಡೂ ಕಲೆತದ್ದು.

ಕಾಯುವ ಹೊತ್ತು ವ್ಯರ್ಥವಾಗಲಿಲ್ಲ. ಮೊದಲು ಬಂದದ್ದು ನಮ್ಮ ಪೇಟೆಗಳಲ್ಲಿ ಕಾಣುವ ಮಾಮೂಲಿ ಹದ್ದು. ಬಾಲ ಕವಲೊಡೆದಂತೆ ಇದ್ದರೆ ಅದೇ ಎಂದು ಗುರುತು. ಆಮೇಲೆ ತಂತಿಯ ಮೇಲೆ ಕೂತಿದ್ದ ಬೂದು ಬಿಳಿ ಬಣ್ಣದ, ಕೆಂಗಣ್ಣಿನ ರಾಮದಾಸ ಹದ್ದು. ಅದು ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಾ ಕೆಳಗಿನ ಇಲಿಯನ್ನು ಹುಡುಕುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಹತ್ತು ಗಂಟೆಯ ಹೊತ್ತಿಗೆ ಹಾವು ಹಿಡಿಯುವ ಸರ್ಪಗಿಡುಗವೊಂದು ಸಿಳ್ಳೆಯಂಥ ದನಿ ಮಾಡುತ್ತಾ ಕಾಡಿನ ಮೇಲೆ ಎದ್ದಿತು. ಕೆಳಗಿನಿಂದ ನೋಡಿದರೆ ರೆಕ್ಕೆಯ ಅಂಚಿನುದ್ದಕ್ಕೂ ಅಗಲವಾದ ಬಿಳಿ ಪಟ್ಟೆ. ಕನ್ನಡದಲ್ಲಿ ನಾವು ಎಲ್ಲವನ್ನೂ ಹದ್ದು, ಗಿಡುಗ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆಕಾಶದಲ್ಲಿ ಮಾತ್ರ ಒಂದೊಂದರ ಹಾರಾಟವೂ ಬೇರೆ, ಒಂದೊಂದರ ಊಟವೂ ಬೇರೆ.

ಹತ್ತೂಕಾಲಕ್ಕೆ ಮಾರ್ಗದರ್ಶಿ ಮಾತು ನಿಲ್ಲಿಸಿ ಬಂಡೆಗೋಡೆಯ ಕಡೆ ಕೈ ತೋರಿಸಿದರು. ಮೊದಲು ಒಂದು ಕರಿ ಚುಕ್ಕೆ, ಆಮೇಲೆ ಮೂರು, ಆಮೇಲೆ ಏಳು. ರೆಕ್ಕೆ ಬಡಿತವೇ ಇಲ್ಲ. ಹಲಗೆಯಂತೆ ನೀಟಾಗಿ ಚಾಚಿದ ರೆಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಮೀಟರಿಗೂ ಮಿಕ್ಕಿ. ರೆಕ್ಕೆಯ ತುದಿಯ ಗರಿಗಳು ಬೆರಳು ಬಿಡಿಸಿದಂತೆ. ಒಂದರ ಮೇಲೊಂದು ಸುತ್ತುತ್ತಾ ಅವು ನಮ್ಮ ನೆತ್ತಿಗೇ ಬಂದವು. ರೆಕ್ಕೆಯ ಕೆಳಗೆ ಮುಂಭಾಗ ಬಿಳುಪು, ಉಳಿದ ಮೈ ಕಪ್ಪು. ಇವು ಬಿಳಿಬೆನ್ನಿನ ರಣಹದ್ದುಗಳು. ಹೊಳೆದಂಡೆಯ ಎತ್ತರದ ಮತ್ತಿಮರಗಳಲ್ಲಿ ಗೂಡು ಕಟ್ಟುವವು ಇವೇ. ಕಂದು ಬಣ್ಣದ ಉದ್ದಕೊಕ್ಕಿನ ರಣಹದ್ದಿಗಾದರೆ ಬಂಡೆಯ ಸಂದೇ ಬೇಕು. ಮೂರನೆಯದು ಕೆಂಪುತಲೆಯದು. ಅದು ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಬರುತ್ತದೆ. ಮಧ್ಯಾಹ್ನದ ಒಳಗೆ ಮೂರೂ ಬಗೆಯವು ನಮಗೆ ಕಂಡವು. ಇನ್ನೊಂದು ಜಾತಿ ಬಿಳಿ ರಣಹದ್ದು ಇಲ್ಲಿ ಅಪರೂಪ, ಅಂದು ಬರಲಿಲ್ಲ.

"ಸತ್ತದ್ದರ ವಾಸನೆ ಹಿಡಿದು ಬರುತ್ತವಾ, ಅಣ್ಣಾ?" ಎಂದು ಒಬ್ಬ ಹುಡುಗ ಕೇಳಿದ. ಇಲ್ಲವಂತೆ. ನಮ್ಮ ದೇಶದ ರಣಹದ್ದುಗಳು ಹುಡುಕುವುದು ಕಣ್ಣಿನಿಂದ. ಒಂದೊಂದೂ ಆಕಾಶದ ಒಂದೊಂದು ಭಾಗವನ್ನು ಹಂಚಿಕೊಂಡಂತೆ ಹಾರುತ್ತವೆ. ಒಂದು ಕೆಳಗಿಳಿದರೆ ಪಕ್ಕದ್ದು ಅದನ್ನು ನೋಡಿ ಬರುತ್ತದೆ, ಅದನ್ನು ನೋಡಿ ಇನ್ನೊಂದು. ಕೊಳೆತ ಮಾಂಸ ತಿಂದೂ ಅವಕ್ಕೆ ರೋಗ ಬಾರದಿರುವುದು ಹೊಟ್ಟೆಯ ಆಮ್ಲ ಅಷ್ಟು ತೀಕ್ಷ್ಣವಾಗಿರುವುದರಿಂದ. ತಲೆ, ಕತ್ತು ಬೋಳಾಗಿರುವುದೂ ಸುಮ್ಮನೆ ಅಲ್ಲ. ಹೆಣದೊಳಗೆ ತಲೆ ತೂರಿಸುವ ಹಕ್ಕಿಗೆ ಗರಿ ಇದ್ದರೆ ಕೊಳಕು ಅಂಟಿಕೊಳ್ಳುತ್ತದೆ. ಇದನ್ನು ಕೇಳುವಾಗ ನಮ್ಮ ಗುಂಪಿನ ನಿವೃತ್ತ ಮೇಷ್ಟ್ರೊಬ್ಬರು ಒಂದು ಸ್ವಾರಸ್ಯ ಹೇಳಿದರು. ಹಳೆಯ ಒಡಂಬಡಿಕೆಯಲ್ಲಿ ರೆಕ್ಕೆ ಚಾಚಿ ಎತ್ತರಕ್ಕೇರುವ ಹಕ್ಕಿಗೆ ಹೀಬ್ರೂ ಭಾಷೆಯ ಮೂಲದಲ್ಲಿರುವ ಪದ 'ನೆಶೆರ್'. ಪ್ರವಾದಿ ಮೀಕನ ಗ್ರಂಥದಲ್ಲಿ ಅದೇ ಹಕ್ಕಿಯ ಬೋಳುತನದ ಮಾತಿದೆ. ಆದ್ದರಿಂದ ಅದು ರಣಹದ್ದೇ ಇರಬೇಕೆಂದು ಅನೇಕ ಪಂಡಿತರು ಹೇಳುತ್ತಾರಂತೆ. ನಾವು ಅಪಶಕುನವೆಂದು ಬೈಯುವ ಹಕ್ಕಿಗೆ ಅಲ್ಲಿ ಎಂಥ ಸ್ಥಾನ!

ಅಜ್ಜಿಗೆ ಈ ಹಕ್ಕಿ ಹೊಸದಲ್ಲ. "ನಾವು ಚಿಕ್ಕವರಿರುವಾಗ ಎತ್ತು ಸತ್ತರೆ ಊರಾಚೆ ಹಾಕಿ ಬರ್ತಿದ್ರು. ಸಂಜೆಯೊಳಗೆ ಮೂಳೆ ಬಿಟ್ಟರೆ ಏನೂ ಇರ್ತಿರಲಿಲ್ಲ. ಕೂಗಾಟ, ಜಗಳ, ಮದುವೆ ಮನೆ ಊಟದ ಪಂಕ್ತಿ ಇದ್ದಂಗೆ! ಆಮೇಲೆ ಎಲ್ಲಿ ಹೋದವೋ" ಎಂದರು.

ಎಲ್ಲಿ ಹೋದವು ಎಂಬುದಕ್ಕೆ ಈಗ ಉತ್ತರವಿದೆ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ರಣಹದ್ದುಗಳು ಕೊಂಬೆಯ ಮೇಲೆ ತಲೆ ಜೋತು ಹಾಕಿ ಕೂತು, ಹಾಗೆಯೇ ಸತ್ತು ಬೀಳುತ್ತಿರುವುದನ್ನು ವಿಜ್ಞಾನಿ ವಿಭು ಪ್ರಕಾಶ್ ದಾಖಲಿಸಿದರು. ಏನೋ ಸಾಂಕ್ರಾಮಿಕ ರೋಗವಿರಬೇಕೆಂದು ಮೊದಲು ಎಲ್ಲರೂ ಎಣಿಸಿದ್ದರು. 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ತಂಡವೊಂದು ನಿಜವಾದ ಕಾರಣವನ್ನು ಪ್ರಕಟಿಸಿತು. ಅದು ರೋಗವಲ್ಲ, ಔಷಧ. ದನಗಳಿಗೆ ನೋವು, ಬಾವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್. ದನಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಚುಚ್ಚುಮದ್ದು ಹಾಕಿದ ಕೆಲವೇ ದಿನಗಳೊಳಗೆ ದನ ಸತ್ತು, ಅದನ್ನು ರಣಹದ್ದು ತಿಂದರೆ ಹಕ್ಕಿಯ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಕಟ್ಟಿಕೊಂಡು ಅದು ಸಾಯುತ್ತದೆ. ನೂರು ಹೆಣಗಳಲ್ಲಿ ಒಂದರಲ್ಲಿ ಕೂಡ ಈ ಔಷಧ ಇರಬೇಕಿಲ್ಲ, ಅದಕ್ಕಿಂತ ಕಡಿಮೆ ಇದ್ದರೂ ಇಡೀ ಸಂತತಿ ಅಳಿಯುತ್ತದೆ ಎಂಬುದು ಲೆಕ್ಕ ಹಾಕಿದವರ ತೀರ್ಮಾನ. ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಸೇರುತ್ತವೆ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇಕಡ 99.9ರಷ್ಟು ಇಲ್ಲವಾಯಿತು. ಸಾವಿರದಲ್ಲಿ ಒಂದು ಉಳಿದಂತೆ.

ಹಕ್ಕಿ ಹೋದರೆ ನಮಗೇನು ಎಂದು ಕೇಳುವವರಿದ್ದಾರೆ. ನಮ್ಮ ಬಸ್ಸಿನಲ್ಲೂ ಒಬ್ಬರು ಕೇಳಿದರು. ರಣಹದ್ದು ಬಿಟ್ಟ ಹೆಣಗಳಿಗೆ ಬೀದಿನಾಯಿಗಳು ಬಂದವು, ನಾಯಿಗಳ ಸಂಖ್ಯೆ ಹೆಚ್ಚಿತು, ಕೊಳೆತದ್ದು ನೀರಿಗೆ ಸೇರಿತು. ಈಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2000ದಿಂದ 2005ರವರೆಗಿನ ಐದು ವರ್ಷಗಳಲ್ಲಿ ರಣಹದ್ದು ಇಲ್ಲವಾದ ಕಾರಣಕ್ಕೇ ನಮ್ಮ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು. ಈ ಅಂಕಿ ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ಸೀಗೂರಿನಲ್ಲಿ ಇವು ಉಳಿದದ್ದು ಹೇಗೆ? ಇಲ್ಲಿ ಅವು ಹೆಚ್ಚಾಗಿ ನಂಬಿಕೊಂಡಿರುವುದು ಹುಲಿ, ಕೆನ್ನಾಯಿಗಳು ತಿಂದುಳಿಸಿದ ಜಿಂಕೆ, ಕಡವೆಗಳನ್ನು. ಕಾಡಿನ ಜಿಂಕೆಗೆ ಯಾರೂ ಚುಚ್ಚುಮದ್ದು ಹಾಕುವುದಿಲ್ಲವಲ್ಲ. 2023ರ ಫೆಬ್ರವರಿಯಲ್ಲಿ ತಮಿಳುನಾಡು, ಕೇರಳ, ಕರ್ನಾಟಕ ಮೂರೂ ರಾಜ್ಯಗಳ ಅರಣ್ಯ ಇಲಾಖೆಗಳು ಮುದುಮಲೈ, ಸತ್ಯಮಂಗಲ, ವಯನಾಡು, ಬಂಡೀಪುರ, ನಾಗರಹೊಳೆ ಮೊದಲಾದ ಕಾಡುಗಳಲ್ಲಿ ಒಂದೇ ಹೊತ್ತಿನಲ್ಲಿ ಎಣಿಸಿದಾಗ 246 ರಣಹದ್ದು ಸಿಕ್ಕವು. ಅದೇ ವರ್ಷ ಡಿಸೆಂಬರಿನಲ್ಲಿ 320. ಸಂಖ್ಯೆ ಏರಿದ್ದು ಸಂತೋಷವೇ, ಆದರೆ ಎಣಿಸುವ ಜಾಗ ಹೆಚ್ಚಾದರೂ ಲೆಕ್ಕ ಏರುತ್ತದೆ ಎಂದು ನಮ್ಮ ಮಾರ್ಗದರ್ಶಿ ಎಚ್ಚರಿಸಿದರು. ಮೂರು ರಾಜ್ಯ ಸೇರಿ ಮುನ್ನೂರು ಚಿಲ್ಲರೆ ಎಂದರೆ, ನಮ್ಮ ಒಂದು ಭಾನುವಾರದ ಪೂಜೆಗೆ ಸೇರುವ ಜನರಷ್ಟೂ ಇಲ್ಲ.

ಹೊಸೂರಿನ ಕಡೆಯ ಓದುಗರಿಗೆ ರಾಮನಗರದ ರಾಮದೇವರ ಬೆಟ್ಟ ಗೊತ್ತಿರಬಹುದು. 1975ರ 'ಶೋಲೆ' ಚಿತ್ರದ ಬಂಡೆಗಳ ನಾಡು. ಅಲ್ಲಿ 2012ರಲ್ಲಿ ರಣಹದ್ದುಗಳಿಗಾಗಿಯೇ ಅಭಯಾರಣ್ಯ ಘೋಷಣೆಯಾಯಿತು. ಆದರೂ ಅಲ್ಲಿ ಉದ್ದಕೊಕ್ಕಿನವು ಈಗ ಕಾಣುವುದು ಬೆರಳೆಣಿಕೆಯಷ್ಟು ಮಾತ್ರ. ಗೂಡಿನ ಬಂಡೆಯನ್ನು ಕಾದರೆ ಸಾಲದು, ಸುತ್ತಲಿನ ಕೊಟ್ಟಿಗೆಗಳಲ್ಲಿ ಯಾವ ಔಷಧ ಇದೆ ಎನ್ನುವುದೂ ಮುಖ್ಯ. ಊಟಕ್ಕಾಗಿ ಈ ಹಕ್ಕಿ ದಿನಕ್ಕೆ ಹತ್ತಾರು ಕಿಲೋಮೀಟರ್ ಸುತ್ತುತ್ತದೆ. ರಾಜ್ಯದ ಗಡಿ ಅದಕ್ಕೆ ಗೊತ್ತಿಲ್ಲ.

ಬುತ್ತಿ ಬಿಚ್ಚಿದ ಮೇಲೆ ಮಾತು ಇದೇ ವಿಷಯಕ್ಕೆ ಬಂತು. ನಮ್ಮ ಆರು ಮನೆಗಳಲ್ಲಿ ನಾಲ್ಕರಲ್ಲಿ ಹಸು ಇದೆ. ಮಾರ್ಗದರ್ಶಿ ಹೇಳಿದ್ದನ್ನು ಬರೆದುಕೊಂಡು ಬಂದಿದ್ದೇವೆ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲೇ ನಿಷೇಧಿಸಿತು. ಆಗ ಮನುಷ್ಯರಿಗಾಗಿ ತಯಾರಿಸಿದ ದೊಡ್ಡ ಬಾಟಲಿಗಳನ್ನೇ ದನಕ್ಕೆ ಬಳಸಲು ಶುರುವಾಯಿತು. ಅದಕ್ಕಾಗಿ 2015ರಲ್ಲಿ ಮನುಷ್ಯರ ಚುಚ್ಚುಮದ್ದೂ 3 ಮಿಲಿಲೀಟರಿನ, ಒಂದೇ ಸಲದ ಬಾಟಲಿಯಲ್ಲಿ ಮಾತ್ರ ಬರಬೇಕೆಂದಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎರಡನ್ನೂ ದನಗಳಿಗೆ ಕೊಡದಂತೆ ತಡೆದರು. 2024ರ ಕೊನೆಯಲ್ಲಿ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿತು. ಇವುಗಳ ಬದಲು ರಣಹದ್ದಿಗೆ ಅಪಾಯವಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾದ ಮೆಲೋಕ್ಸಿಕಾಮ್ ಇದೆ, ಟಾಲ್ಫೆನಾಮಿಕ್ ಆಮ್ಲ ಇದೆ. ಪಶುವೈದ್ಯರು ಬಂದಾಗ "ಡಾಕ್ಟ್ರೇ, ಇದು ಯಾವ ಔಷಧ?" ಎಂದು ಕೇಳಲು ಸಂಕೋಚ ಬೇಡ. ಚುಚ್ಚುಮದ್ದು ಹಾಕಿಸಿಕೊಂಡ ದನ ಸತ್ತರೆ ಅದನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಬೇಕು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. 2023ರ ಸೆಪ್ಟೆಂಬರಿನಲ್ಲಿ ಅವಲಾಂಚಿ ಹತ್ತಿರ ಎರಡು ಹುಲಿಗಳು ಸತ್ತು ಬಿದ್ದಿದ್ದವು. ವಿಷ ಬೆರೆಸಿದ ಹಸುವಿನ ಹೆಣ ತಿಂದದ್ದೇ ಕಾರಣ ಎಂದು ತಿಳಿದುಬಂತು. ಸಾಕಿದ ಹಸುವನ್ನು ಹುಲಿ ಹಿಡಿದಾಗ ಆಗುವ ಸಂಕಟ ಕಾಡಂಚಿನವರಾದ ನಮಗೆ ಯಾರೂ ವಿವರಿಸಬೇಕಿಲ್ಲ. ಆದರೆ ಅಂಥ ಹೆಣದ ಮೇಲೆ ಕೀಟನಾಶಕ ಸುರಿದರೆ ಹುಲಿಯ ಹಿಂದೆಯೇ ಇಳಿಯುವ ರಣಹದ್ದುಗಳ ಗುಂಪೇ ಅಲ್ಲಿ ಮಲಗಿಬಿಡುತ್ತದೆ. ಹಸುವಿಗೆ ಪರಿಹಾರ ಕೊಡುವ ವ್ಯವಸ್ಥೆ ಅರಣ್ಯ ಇಲಾಖೆಯಲ್ಲಿದೆ. ಆ ಹಣ ತಡವಾಗಿ ಕೈಗೆ ಬಂದಷ್ಟೂ ಸಿಟ್ಟು ಬೆಳೆಯುತ್ತದೆ ಎನ್ನುವ ಮಾತನ್ನು ಇಲಾಖೆಯವರೂ ಕಿವಿಗೆ ಹಾಕಿಕೊಳ್ಳಬೇಕು.

ಹೋಗಬೇಕೆನ್ನುವವರಿಗೆ: ಡಿಸೆಂಬರಿನಿಂದ ಮಾರ್ಚಿಯೊಳಗೆ, ಮೋಡವಿಲ್ಲದ ದಿನ ನೋಡಿಕೊಳ್ಳಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಒಳ್ಳೆಯ ಹೊತ್ತು. ಕೆಂಪು, ಹಳದಿ ಬಟ್ಟೆ ಬೇಡ. ಟೋಪಿ, ನೀರು ಇರಲಿ. ಊರಿನವರೇ ಆದ ಮಾರ್ಗದರ್ಶಿಯನ್ನು ಕರೆದುಕೊಳ್ಳಿ, ಗೂಡಿನ ಹತ್ತಿರ ಕರೆದೊಯ್ಯುತ್ತೇನೆ ಎನ್ನುವವರ ಹಿಂದೆ ಹೋಗಬೇಡಿ. ಬೇರೆ ಕಡೆಯಿಂದ ನೀಲಗಿರಿಗೆ ಬರುವವರು ಇ-ಪಾಸ್ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಆ ದಿನದ ನಮ್ಮ ಲೆಕ್ಕ ಹೀಗೆ: ಬಿಳಿಬೆನ್ನಿನವು ಹನ್ನೊಂದು, ಉದ್ದಕೊಕ್ಕಿನವು ಎರಡು, ಕೆಂಪುತಲೆಯದು ಒಂದು. ಒಂಬತ್ತು ವರ್ಷದ ಹುಡುಗಿ ಅದನ್ನು ತನ್ನ ಶಾಲೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಳು. ಸಂಜೆ ಗೂಡಲೂರು ಪೇಟೆಯಲ್ಲಿ ಬಸ್ಸು ನಿಂತಾಗ ಹಸು ಸಾಕಿದ ಇಬ್ಬರು ಇಳಿದು ಔಷಧದ ಅಂಗಡಿಗೆ ಹೋಗಿ, ದನದ ಜ್ವರಕ್ಕೆ ಏನಿದೆ ಎಂದು ಕೇಳಿದರು. ಅಂಗಡಿಯವರು ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಎರಡರ ಮೇಲೂ ಮೆಲೋಕ್ಸಿಕಾಮ್ ಎಂದೇ ಇತ್ತು.