ತೂಗುಗುಂಡು ಅಳೆಯುವ ಗುರುತ್ವ

ಗಟ್ಟಿ ಆಸರೆಯೊಂದರಿಂದ ಹಿಗ್ಗದ ತೆಳು ದಾರದಲ್ಲಿ ಇಳಿಬಿಟ್ಟ ಭಾರದ ಗುಂಡೇ ಸರಳ ಲೋಲಕ. ಗುಂಡನ್ನು ಒಂದು ಬದಿಗೆ ತುಸು ಎಳೆದು ಬಿಟ್ಟರೆ ಅದು ಹೋಗಿ ಬರುತ್ತದೆ. ಹೀಗೆ ಒಮ್ಮೆ ಹೋಗಿ ಮರಳಲು ಹಿಡಿಯುವ ಕಾಲ ಅದರ ಅವಧಿ. ಗುಂಡು ಹಿತ್ತಾಳೆಯದಿರಲಿ, ಸೀಸದ್ದಿರಲಿ, ಅವಧಿ ಬದಲಾಗುವುದಿಲ್ಲ. ಭಾರ ಹೆಚ್ಚಾದರೆ ಭೂಮಿಯ ಸೆಳೆತ ಹೆಚ್ಚುತ್ತದೆ ನಿಜ, ಆದರೆ ಗುಂಡನ್ನು ಕದಲಿಸುವುದೂ ಅಷ್ಟೇ ಪ್ರಮಾಣದಲ್ಲಿ ಕಷ್ಟವಾಗುತ್ತದೆ. ಹಾಗಾಗಿ ಅವಧಿಯನ್ನು ತೀರ್ಮಾನಿಸುವುದು ಎರಡೇ ಸಂಗತಿ: ಲೋಲಕದ ಉದ್ದ ಮತ್ತು ಆ ಜಾಗದ ಗುರುತ್ವ ವೇಗೋತ್ಕರ್ಷ. ಉದ್ದವನ್ನು 4π² ರಿಂದ ಗುಣಿಸಿ ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ಅಳೆಯಬೇಕಾದದ್ದು ಒಂದು ಉದ್ದ, ಒಂದು ಕಾಲ, ಅಷ್ಟೆ.

ಈ ಬೆಲೆ ಎಲ್ಲ ಊರಿನಲ್ಲೂ ಒಂದೇ ಅಲ್ಲ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದೂ ಲೋಲಕವೇ. 1672ರಲ್ಲಿ ಫ್ರಾನ್ಸಿನ ಜ್ಯಾಂ ರಿಶೆ ಪ್ಯಾರಿಸಿನಿಂದ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದಾಗ, ಅಲ್ಲಿ ಅವನ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಕಯೆನ್ ಸಮಭಾಜಕ ವೃತ್ತಕ್ಕೆ ಹತ್ತಿರದ ಊರು. ಭೂಮಿ ತಿರುಗುವುದರಿಂದ ನಡುವಿನಲ್ಲಿ ತುಸು ಉಬ್ಬಿದೆ, ಆ ತಿರುಗುವಿಕೆಯ ಪರಿಣಾಮವೂ ಅಲ್ಲೇ ಹೆಚ್ಚು. ಎರಡೂ ಸೇರಿ ಸೆಳೆತ ಕಡಿಮೆಯಾಗುತ್ತದೆ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರೆಗೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಕಟ್ಟಿರುವ ಹಮ್ಮಿಗಿಯನ್ನೇ ತೆಗೆದುಕೊಳ್ಳಬಹುದು. ಊರು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರದಲ್ಲಿ. ಅಕ್ಷಾಂಶದಿಂದ ಗುರುತ್ವವನ್ನು ಲೆಕ್ಕಹಾಕುವ ಸೂತ್ರದಂತೆ ಸಮುದ್ರ ಮಟ್ಟದಲ್ಲಿ ಬರಬೇಕಾದ ಬೆಲೆ 9.784. ಮೇಲೇರಿದ ಪ್ರತಿ ಮೀಟರಿಗೂ ಇದು 0.000003ರಷ್ಟು ಇಳಿಯುವುದರಿಂದ ಹಮ್ಮಿಗಿಯಲ್ಲಿ 9.782 ಮೀಟರ್ ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡ್ ಎಂದು ಲೆಕ್ಕ ಬರುತ್ತದೆ. ಲಂಡನ್ನಿನಲ್ಲಿ ಇದೇ 9.812. ಅಲ್ಲಿ ಸರಿಹೊಂದಿಸಿದ ಲೋಲಕದ ಗಡಿಯಾರವನ್ನು ಹಾಗೆಯೇ ಹಮ್ಮಿಗಿಗೆ ತಂದು ಗೋಡೆಗೆ ತೂಗುಹಾಕಿದರೆ ದಿನಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ಪಠ್ಯಪುಸ್ತಕದ 9.8 ದುಂಡು ಮಾಡಿದ ಸಂಖ್ಯೆ. ಗದಗ ಜಿಲ್ಲೆಯ ವಿದ್ಯಾರ್ಥಿಗೆ 9.78 ಬಂದರೆ ಅದೇ ಸರಿಯಾದ ಉತ್ತರ. ರೆಕಾರ್ಡ್ ಪುಸ್ತಕದಲ್ಲಿ ಅದನ್ನು 9.8ಕ್ಕೆ ತಿದ್ದಿದರೆ ಕೆಟ್ಟದ್ದನ್ನಲ್ಲ, ಒಳ್ಳೆಯ ಅಳತೆಯನ್ನೇ ಅಳಿಸಿದಂತಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ದಾರವನ್ನು ಸೀಳಿದ ಬಿರಡೆಯ ನಡುವೆ ಬಿಗಿಹಿಡಿದು ಸ್ಟ್ಯಾಂಡಿಗೆ ಸಿಕ್ಕಿಸುತ್ತಾರೆ. ದಾರವನ್ನು ಮೊಳೆಗೆ ಸುಮ್ಮನೆ ಸುತ್ತಿ ಬಿಟ್ಟರೆ ಗುಂಡು ಆಡುವಾಗ ಉದ್ದವೇ ಬದಲಾಗುತ್ತಿರುತ್ತದೆ. ಬಿರಡೆಯ ಸೀಳಿನಲ್ಲಾದರೆ ದಾರ ಬಾಗುವ ಜಾಗ ಖಚಿತವಾಗಿರುತ್ತದೆ. ಗುಂಡನ್ನು ಐದು ಡಿಗ್ರಿಗಿಂತ ಹೆಚ್ಚು ಎಳೆಯಬಾರದು, ಏಕೆಂದರೆ ಮೇಲಿನ ಸೂತ್ರ ನಿಲ್ಲುವುದು ಸಣ್ಣ ತೂಗಾಟಕ್ಕೆ ಮಾತ್ರ. ಇಪ್ಪತ್ತು ಡಿಗ್ರಿ ಎಳೆದು ಬಿಟ್ಟರೆ ಅವಧಿ ಮುಕ್ಕಾಲು ಶೇಕಡಾದಷ್ಟು ಹಿಗ್ಗಿ, 9.78 ಬರಬೇಕಾದಲ್ಲಿ 9.63 ಬರುತ್ತದೆ.

ಕಾಲ ಅಳೆಯುವಾಗ ಗುಂಡು ತುದಿಯಲ್ಲಿ ನಿಂತ ಗಳಿಗೆಗಿಂತ ತಳದ ನಡುಬಿಂದುವನ್ನು ದಾಟುವ ಗಳಿಗೆ ಮೇಲು. ತುದಿಯಲ್ಲಿ ಅದು ತಡವರಿಸುತ್ತದೆ, ನಡುವೆ ಅತಿ ವೇಗದಲ್ಲಿ ದಾಟುತ್ತದೆ, ಆದ್ದರಿಂದ ಕಣ್ಣಿಗೆ ಗಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಗಡಿಯಾರ ಒತ್ತಿದಾಗ ಎಣಿಕೆ ‘ಸೊನ್ನೆ’ಯಿಂದ ಶುರುವಾಗಬೇಕು. ‘ಒಂದು’ ಎಂದು ಶುರುಮಾಡಿದರೆ ಇಪ್ಪತ್ತು ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ, ಉತ್ತರ 10.8ಕ್ಕೆ ಏರಿಬಿಡುತ್ತದೆ. ಇನ್ನು ಬೆರಳಿನ ತಡ. ಸ್ಟಾಪ್‌ವಾಚ್ ಒತ್ತುವುದರಲ್ಲಿ 0.2 ಸೆಕೆಂಡ್ ಹೆಚ್ಚುಕಡಿಮೆಯಾದರೆ, ಒಂದು ಮೀಟರ್ ಲೋಲಕದ 20 ಆಂದೋಲನಗಳಿಗೆ ಹಿಡಿಯುವ 40.2 ಸೆಕೆಂಡಿನಲ್ಲಿ ಅದು ಅರ್ಧ ಶೇಕಡಾ, ಅವಧಿಯ ವರ್ಗ ತೆಗೆದಾಗ ಒಂದು ಶೇಕಡಾ. 50 ಆಂದೋಲನ ಎಣಿಸಿದರೆ ಈ ತಪ್ಪು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಲ್ಲಿ ತಾಳ್ಮೆಗೆ ಸಿಗುವ ಫಲ ದುಬಾರಿ ಉಪಕರಣಕ್ಕೂ ಸಿಗುವುದಿಲ್ಲ.

ಅತ್ಯಂತ ತೊಡಕಿನದು ಉದ್ದ. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ, ಆಸರೆಯಿಂದ ಗುಂಡಿನ ಭಾರಕೇಂದ್ರದವರೆಗಿನ ದೂರ. ದುಂಡನೆಯ ಗುಂಡಾದರೆ ವರ್ನಿಯರ್ ಕ್ಯಾಲಿಪರ್ಸ್‌ನಿಂದ ವ್ಯಾಸ ಅಳೆದು ಅರ್ಧ ಸೇರಿಸಬಹುದು. ಗೌಂಡಿಗಳು ಗೋಡೆಯ ನೇರ ನೋಡುವ ತೂಗುಗುಂಡು ಹಳ್ಳಿಯಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಗುಂಡು, ಆದರೆ ಮೊನಚು ತುದಿಯ ಅದರ ಭಾರಕೇಂದ್ರ ಎಲ್ಲಿದೆಯೆಂದು ಹೊರಗಿನಿಂದ ತಿಳಿಯದು. ಇದಕ್ಕೊಂದು ಸೊಗಸಾದ ಉಪಾಯವಿದೆ. ಎರಡು ಉದ್ದದ ದಾರಗಳಲ್ಲಿ ಪ್ರಯೋಗ ಮಾಡಿ, ದಾರಗಳ ಉದ್ದದ ವ್ಯತ್ಯಾಸವನ್ನು 4π² ರಿಂದ ಗುಣಿಸಿ ಅವಧಿಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸುವುದು. ಗೊತ್ತಿಲ್ಲದ ತುಂಡು ಎರಡರಲ್ಲೂ ಒಂದೇ ಆದ್ದರಿಂದ ಕಳೆಯುವಾಗ ತಾನೇ ಹೋಗಿಬಿಡುತ್ತದೆ.

ಹಮ್ಮಿಗಿಯ ಲೆಕ್ಕವನ್ನೇ ಹಾಕಿ ನೋಡಬಹುದು. ಗುಂಡಿಗೆ ದಾರ ಕಟ್ಟಿದ ಗಂಟಿನಿಂದ ಭಾರಕೇಂದ್ರ 4 ಸೆಂಟಿಮೀಟರ್ ಕೆಳಗಿದೆ, ಅಳೆಯುವವರಿಗೆ ಅದು ತಿಳಿದಿಲ್ಲ ಎಂದಿಟ್ಟುಕೊಂಡರೆ, ಗಂಟಿನವರೆಗೆ 100 ಸೆಂಟಿಮೀಟರ್ ದಾರವಿದ್ದಾಗ 50 ಆಂದೋಲನಗಳಿಗೆ 102.43 ಸೆಕೆಂಡ್, 40 ಸೆಂಟಿಮೀಟರ್ ಇದ್ದಾಗ 66.63 ಸೆಕೆಂಡ್ ಹಿಡಿಯಬೇಕು. ದಾರದ ಉದ್ದವನ್ನೇ ಲೋಲಕದ ಉದ್ದವೆಂದು ಭಾವಿಸಿದರೆ ಮೊದಲನೆಯದು 9.41, ಎರಡನೆಯದು 8.89 ಕೊಡುತ್ತದೆ. ಎರಡೂ ತಪ್ಪು. ಆದರೆ 0.60 ಮೀಟರ್ ವ್ಯತ್ಯಾಸವನ್ನು 4π² ರಿಂದ ಗುಣಿಸಿ, ಅವಧಿಗಳ ವರ್ಗಗಳ ವ್ಯತ್ಯಾಸವಾದ 2.421ರಿಂದ ಭಾಗಿಸಿದರೆ 9.78. ಐದಾರು ಉದ್ದಗಳಿಗೆ ಉದ್ದ ಮತ್ತು ಅವಧಿಯ ವರ್ಗದ ನಕ್ಷೆ ಎಳೆದು ಅದರ ಇಳಿಜಾರು ಹಿಡಿಯುವುದೂ ಇದೇ ಉಪಾಯದ ವಿಸ್ತಾರ. ಗೆರೆ ಉದ್ದದ ಅಕ್ಷದ ಮೇಲೆ ಮೂಲಬಿಂದುವನ್ನು ಬಿಟ್ಟು ಎಷ್ಟು ದೂರ ಹಾದುಹೋಗುತ್ತದೋ ಅದೇ ಬಚ್ಚಿಟ್ಟುಕೊಂಡಿದ್ದ 4 ಸೆಂಟಿಮೀಟರ್.

ಇದೇ ತತ್ತ್ವದ ಲೋಲಕಗಳು ಭಾರತದ ಉದ್ದಕ್ಕೂ ಸಂಚರಿಸಿವೆ. ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಂಗವಾಗಿ 1865ರಲ್ಲಿ ಕ್ಯಾಪ್ಟನ್ ಜೇಮ್ಸ್ ಬಸೇವಿ ಲಂಡನ್ನಿನ ರಾಯಲ್ ಸೊಸೈಟಿಯ ಹಿತ್ತಾಳೆ ಲೋಲಕಗಳೊಂದಿಗೆ ಕೆಲಸ ಆರಂಭಿಸಿದ. ಬೆಂಗಳೂರು, ಮಂಗಳೂರು ಕೂಡ ಅವನ ಕೇಂದ್ರಗಳ ಪಟ್ಟಿಯಲ್ಲಿವೆ. ಅವನ ಲೋಲಕಗಳು ದಾರದವಲ್ಲ, ಉದ್ದ ಬದಲಾಗದ ಲೋಹದ ಸಲಾಕೆಗಳು. ಗಾಳಿಯ ತಡೆ ತಪ್ಪಿಸಲು ಅವನ್ನು ಗಾಳಿ ತೆಗೆದ ಪಾತ್ರೆಯೊಳಗೆ ಆಡಿಸಿ, ಹಿಂದೆ ನಿಂತ ಗಡಿಯಾರದ ಲೋಲಕದೊಂದಿಗೆ ಯಾವಾಗ ಹೆಜ್ಜೆ ಕೂಡುತ್ತದೆ ಎಂದು ದೂರದರ್ಶಕದಲ್ಲಿ ನೋಡುತ್ತಿದ್ದರು. 1871ರಲ್ಲಿ ಲಡಾಖಿನ ಮೊರೆ ಪ್ರಸ್ಥಭೂಮಿಯಲ್ಲಿ ಕೆಲಸದ ನಡುವೆಯೇ ಬಸೇವಿ ತೀರಿಕೊಂಡ, ಉಳಿದದ್ದನ್ನು ಸರ್ವೇಕ್ಷಣೆಯ ಇನ್ನೊಬ್ಬ ಅಧಿಕಾರಿ ಹೆವಿಸೈಡ್ ಮುಗಿಸಿದ. ಕರಾವಳಿಗಿಂತ ಒಳನಾಡಿನಲ್ಲಿ, ಅದರಲ್ಲೂ ಹಿಮಾಲಯದ ಕಡೆ, ಗುರುತ್ವ ಲೆಕ್ಕಕ್ಕಿಂತ ಕಡಿಮೆ ಎಂದು ಈ ಅಳತೆಗಳು ತೋರಿಸಿದವು. ಪರ್ವತಗಳ ಬುಡದಲ್ಲಿ ಹಗುರ ವಸ್ತು ಆಳಕ್ಕೆ ಇಳಿದಿದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಗದಗ ಸೀಮೆಯ ನೆಲದಲ್ಲೂ ಇಂಥ ವ್ಯತ್ಯಾಸಗಳಿವೆ. ಕಪ್ಪತಗುಡ್ಡದ ಪದರಶಿಲೆಯ ಪಟ್ಟಿಯಲ್ಲಿ ಸುತ್ತಲಿನ ಗ್ರಾನೈಟ್ ಜಾತಿಯ ಕಲ್ಲಿಗಿಂತ ಸಾಂದ್ರವಾದ ಶಿಲೆಗಳಿದ್ದು, ಇಂಥ ಕಡೆ ಗುರುತ್ವ ತುಸು ಏರುತ್ತದೆ. ಆ ಏರಿಕೆ ಇರುವುದು ದಶಾಂಶದ ನಾಲ್ಕನೆಯ ಸ್ಥಾನದ ಆಸುಪಾಸಿನಲ್ಲಿ, ದಾರದ ಲೋಲಕ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅದನ್ನು ಹಿಡಿಯಲು ಭೂವಿಜ್ಞಾನಿಗಳು ಸೂಕ್ಷ್ಮ ಸ್ಪ್ರಿಂಗಿನ ಗುರುತ್ವಮಾಪಕ ಬಳಸುತ್ತಾರೆ.