ಹೇಳದೆ ಕುಡಿಸಿದ ಮದ್ದು

ರಾತ್ರಿಯ ಊಟ ಮುಗಿದಿದೆ. ಅಡುಗೆಮನೆಯ ದೀಪ ಆರಿದೆ. ಮನೆಯ ಯಜಮಾನರು ಮಲಗುವ ಮುನ್ನ ಫೋನನ್ನು ಕೈಗೆತ್ತಿಕೊಂಡರೆ, ನಿನ್ನೆ ಕಂಡ, ಮೊನ್ನೆ ಕಂಡ, ಹೋದ ವಾರವೂ ಕಂಡ ಅದೇ ಸೂಚನೆ ಅದರ ಗಾಜಿನ ಮೇಲೆ ಮತ್ತೆ ಮೂಡಿದೆ: ಹೊಸ ತಂತ್ರಾಂಶ ಸಿದ್ಧವಾಗಿದೆ, ಅಳವಡಿಸಬಹುದೆ? ಕೆಳಗೆ ಎರಡು ಗುಂಡಿಗಳು. ಒಂದು ‘ಈಗ’, ಇನ್ನೊಂದು ‘ಆಮೇಲೆ’. ಬೆರಳು ಒಂದು ಕ್ಷಣ ತಡೆಯುತ್ತದೆ; ಬಳಿಕ ಎಂದಿನಂತೆ ‘ಆಮೇಲೆ’ಯ ಮೇಲೆ ಇಳಿಯುತ್ತದೆ. ಫೋನು ಐದು ವರ್ಷದ ಹಳೆಯದು. ಮಗ ಹೊಸದನ್ನು ಕೊಂಡಾಗ ತಂದೆಯ ಪಾಲಿಗೆ ಬಂದದ್ದು. ‘ಓಡುತ್ತಿರುವ ಗಾಡಿಯ ಚಕ್ರವನ್ನು ಬಿಚ್ಚಿ ನೋಡುವವರುಂಟೆ?’ ಎಂಬುದು ಯಜಮಾನರ ವಾದ.

ಇಂಥ ದೃಶ್ಯ ಒಂದು ಮನೆಗೆ ಮೀಸಲಾದುದಲ್ಲ. ಹಳೆಯ ಫೋನಿಗೆ ದೊಡ್ಡ ನವೀಕರಣವನ್ನು ಹಾಕಿಸಲು ಹಿಂಜರಿಯುವವರು ಲೋಕದ ಎಲ್ಲ ಕಡೆಯಲ್ಲಿಯೂ ಇದ್ದಾರೆ. ಅವರನ್ನು ಸೋಮಾರಿಗಳೆಂದೋ, ಯಂತ್ರದ ಮರ್ಮವರಿಯದವರೆಂದೋ ತಳ್ಳಿಹಾಕುವುದು ಸುಲಭ. ಆದರೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡದ ಮಕ್ಕಳು ಎಲ್ಲಿದ್ದಾರೆ? ಹಾಲು ಕಂಡರೆ ಓಡಿಹೋಗುವ ಆ ವಿಚಿತ್ರ ಬೆಕ್ಕನ್ನು ನೋಡಿ ರಾಜಸಭೆ ನಕ್ಕಿತು. ಮೊದಲ ದಿನ ಅದರ ಮುಂದಿಟ್ಟ ಹಾಲು ಕುದಿಯುತ್ತಿತ್ತೆಂಬುದು ಆಮೇಲೆ ತಿಳಿದ ಸಂಗತಿ. ಬೆಕ್ಕು ಮೂರ್ಖವಾಗಿರಲಿಲ್ಲ, ಅದರ ಬಾಯಿ ಸುಟ್ಟಿತ್ತು. ಫೋನಿನ ವಿಷಯದಲ್ಲಿಯೂ ಬಾಯಿ ಸುಟ್ಟ ಕಥೆಯೊಂದುಂಟು. ದಿನಾಂಕಗಳೊಡನೆ, ದಂಡದ ಮೊತ್ತಗಳೊಡನೆ ದಾಖಲಾಗಿರುವ ಕಥೆ.

ಹಳೆಯ ಮನೆ, ಹೊಸ ಸಾಮಾನು

ಹೊಸ ತಂತ್ರಾಂಶ ಬಂದೊಡನೆ ಹಳೆಯ ಫೋನು ಏದುಸಿರು ಬಿಡುವುದಕ್ಕೆ ಮೊದಲ ಕಾರಣ ತೀರ ಸರಳವಾದುದು. ಫೋನಿನ ಶರೀರ ಕೊಂಡ ದಿನ ಇದ್ದಂತೆಯೇ ಇರುತ್ತದೆ. ಬೆಳೆಯುವುದು ತಂತ್ರಾಂಶ ಮಾತ್ರ. ಅದನ್ನು ಬರೆಯುವವರ ಕಣ್ಣಮುಂದೆ ಇರುವುದು ಆ ವರ್ಷದ ಹೊಸ ಫೋನು. ಮೂರು ಅಂತಸ್ತಿನ ಬಂಗಲೆಗೆಂದು ಮಾಡಿಸಿದ ಪೀಠೋಪಕರಣಗಳನ್ನು ಎರಡು ಕೋಣೆಯ ಮನೆಗೆ ತಂದಿಳಿಸಿದರೆ ಓಡಾಡಲು ಎಡೆಯೆಲ್ಲಿ?

2010ರ ಜೂನ್ ತಿಂಗಳಲ್ಲಿ ನಡೆದದ್ದು ಇದೇ. ಆಪಲ್ ಕಂಪನಿ ಆಗ ಐಓಎಸ್ 4 ಎಂಬ ಕಾರ್ಯವ್ಯವಸ್ಥೆಯನ್ನು ಹೊರತಂದಿತು. ಅದರೊಡನೆ ಬಂದ ಐಫೋನ್ 4ರಲ್ಲಿ 512 ಮೆಗಾಬೈಟುಗಳ ಕಾರ್ಯಸ್ಮೃತಿ ಇದ್ದಿತು. ಅದೇ ತಂತ್ರಾಂಶವನ್ನು 2008ರಲ್ಲಿ ಮಾರಾಟಕ್ಕೆ ಬಂದಿದ್ದ ಐಫೋನ್ 3ಜಿಗೂ ಕೊಡಲಾಯಿತು. ಅದರ ಕಾರ್ಯಸ್ಮೃತಿ ಕೇವಲ 128 ಮೆಗಾಬೈಟು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಎರಡು ವರ್ಷ ಚುರುಕಾಗಿದ್ದ ಫೋನು ಒಂದೇ ರಾತ್ರಿಯಲ್ಲಿ ಮುದಿಯಾಯಿತೆಂದು ಜನ ಗೋಳಿಟ್ಟರು. ಸೆಪ್ಟೆಂಬರಿನಲ್ಲಿ ಕಂಪನಿ ಐಓಎಸ್ 4.1ನ್ನು ಕೊಟ್ಟು ಆ ಫೋನಿನ ವೇಗವನ್ನು ತಕ್ಕಮಟ್ಟಿಗೆ ಸರಿಪಡಿಸಬೇಕಾಯಿತು.

ಈ ಪ್ರಸಂಗದಿಂದ ಜನ ಇನ್ನೊಂದು ಪಾಠವನ್ನೂ ಕಲಿತರು. ಒಮ್ಮೆ ಏರಿದ ಮೆಟ್ಟಿಲನ್ನು ಇಳಿಯುವುದು ಸುಲಭವಲ್ಲ. ಹೊಸ ತಂತ್ರಾಂಶ ಬಂದ ಕೆಲವು ದಿನಗಳಲ್ಲಿ ಆಪಲ್ ಹಳೆಯದಕ್ಕೆ ತನ್ನ ಸಮ್ಮತಿಯ ಮುದ್ರೆ ಒತ್ತುವುದನ್ನು ನಿಲ್ಲಿಸಿಬಿಡುತ್ತದೆ. ಆ ಮುದ್ರೆಯಿಲ್ಲದೆ ಹಳೆಯ ತಂತ್ರಾಂಶ ಫೋನಿನೊಳಕ್ಕೆ ಹೋಗಲಾರದು. ಬೇರೆ ಕಂಪನಿಗಳ ಫೋನುಗಳಲ್ಲಿಯೂ ಹಿಂದಿರುಗುವ ದಾರಿ ಸಾಮಾನ್ಯ ಗೃಹಸ್ಥರ ಕೈಗೆಟಕುವಂಥದಲ್ಲ. ಹಿಂದಿರುಗಲಾಗದ ದಾರಿಯಲ್ಲಿ ಕಾಲಿಡುವ ಮುನ್ನ ಮನುಷ್ಯ ಎರಡು ಸಲ ಯೋಚಿಸಿದರೆ ಅದನ್ನು ಅಪರಾಧವೆನ್ನಲಾದೀತೆ?

ರೋಗವೂ ನಿಜ, ಮದ್ದೂ ನಿಜ

ಆದರೆ ಜನರ ಶಂಕೆಗೆ ನಿಜವಾದ ಬೇರು ಬಿಟ್ಟದ್ದು ಏಳು ವರ್ಷಗಳ ಬಳಿಕ.

ಫೋನಿನ ಜೀವವಿರುವುದು ಅದರ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ. ಈ ಬ್ಯಾಟರಿಯ ಆವಿಷ್ಕಾರಕ್ಕೆ ಕಾರಣರಾದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎಷ್ಟೇ ಅದ್ಭುತವಾದರೂ ಅದು ಮುಪ್ಪಿಗೆ ಹೊರತಲ್ಲ. ತುಂಬಿ, ಬರಿದಾಗಿ, ಮತ್ತೆ ತುಂಬುವ ಆವರ್ತನಗಳು ನೂರಾರು ಆದಂತೆ ಅದರೊಳಗಿನ ರಾಸಾಯನಿಕ ಪದಾರ್ಥಗಳು ಸವೆಯುತ್ತವೆ. ಒಳಗಿನ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ. ಆಗ ಕ್ಯಾಮೆರಾ ತೆರೆದಾಗಲೋ ಆಟವಾಡುವಾಗಲೋ ಸಂಸ್ಕಾರಕವು ಒಮ್ಮೆಲೆ ಹೆಚ್ಚು ಶಕ್ತಿಯನ್ನು ಬೇಡಿದರೆ ಬ್ಯಾಟರಿಗೆ ಒದಗಿಸಲಾಗದೆ ಫೋನು ತಟಕ್ಕನೆ ಆರಿಹೋಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಮೂವತ್ತು ಪಾಲು ಉಳಿದಿದೆಯೆಂದು ತೋರುತ್ತಿದ್ದ ಫೋನುಗಳು ಕೂಡ ಹೀಗೆ ಕಣ್ಣು ಮುಚ್ಚುತ್ತಿದ್ದುವು.

2017ರ ಜನವರಿಯಲ್ಲಿ ಆಪಲ್ ಕಂಪನಿ ಇದಕ್ಕೊಂದು ಮದ್ದನ್ನು ಐಓಎಸ್ 10.2.1 ಎಂಬ ನವೀಕರಣದೊಳಗೆ ಸೇರಿಸಿತು. ಬ್ಯಾಟರಿ ಬಳಲಿದೆಯೆಂದು ಕಂಡರೆ ಸಂಸ್ಕಾರಕದ ಓಟವನ್ನು ತಗ್ಗಿಸುವುದೇ ಆ ಮದ್ದು. ಐಫೋನ್ 6, 6ಎಸ್ ಮತ್ತು ಎಸ್‌ಇ ಮಾದರಿಗಳಿಗೆ ಅದು ಅನ್ವಯವಾಯಿತು. ಮುಂದಿನ ತಿಂಗಳು ಕಂಪನಿ, 6ಎಸ್ ಫೋನುಗಳಲ್ಲಿ ಅನಿರೀಕ್ಷಿತವಾಗಿ ಆರಿಹೋಗುವುದು ಶೇಕಡ 80ಕ್ಕಿಂತಲೂ, 6ರಲ್ಲಿ ಶೇಕಡ 70ಕ್ಕಿಂತಲೂ ಹೆಚ್ಚು ಕಡಿಮೆಯಾಗಿದೆಯೆಂದು ಹೆಮ್ಮೆಯಿಂದ ಹೇಳಿಕೊಂಡಿತು. ಗುಣವಾದದ್ದನ್ನು ಹೇಳಿತು, ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಹೇಳಲಿಲ್ಲ.

ಆ ವರ್ಷದ ಮೇ ತಿಂಗಳಿನಿಂದಲೇ ಬೆಂಗಳೂರಿನ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿಯ ಕಾರ್ಖಾನೆ ಐಫೋನ್ ಎಸ್‌ಇಯನ್ನು ಜೋಡಿಸತೊಡಗಿತ್ತು. ಭಾರತದಲ್ಲಿ ಜೋಡಣೆಯಾದ ಮೊದಲ ಐಫೋನ್ ಅದು. ಅಂದಮೇಲೆ ಈ ಕಥೆ ಕನ್ನಡ ನಾಡಿನ ಮನೆಬಾಗಿಲಿಗೂ ತೀರ ದೂರದ್ದಲ್ಲ.

ಬಯಲಾದ ಗುಟ್ಟು

ತಿಂಗಳುಗಳು ಕಳೆದುವು. 2017ರ ಡಿಸೆಂಬರಿನಲ್ಲಿ ಸಾಮಾನ್ಯ ಬಳಕೆದಾರರೊಬ್ಬರು ತಮ್ಮ ನಿಧಾನವಾಗಿದ್ದ 6ಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದರು. ಏನಾಶ್ಚರ್ಯ! ಫೋನು ಮತ್ತೆ ಹೊಸದರಂತೆ ಓಡಿತು. ಬ್ಯಾಟರಿಗೂ ವೇಗಕ್ಕೂ ಏನು ನಂಟು? ಕೆನಡಾದ ಟೊರಾಂಟೊ ನಗರದ ಪ್ರೈಮೇಟ್ ಲ್ಯಾಬ್ಸ್ ಸಂಸ್ಥೆ ಫೋನುಗಳ ವೇಗವನ್ನು ಅಳೆಯುವ ತಂತ್ರಾಂಶವನ್ನು ರಚಿಸಿದ್ದಿತು. ಅದರ ಸ್ಥಾಪಕ ಜಾನ್ ಪೂಲ್, ತಮ್ಮಲ್ಲಿ ಸಂಗ್ರಹವಾಗಿದ್ದ ಅಂಕಗಳನ್ನು ಹರಡಿ ಡಿಸೆಂಬರ್ 18ರಂದು ರೇಖಾಚಿತ್ರಗಳನ್ನು ಪ್ರಕಟಿಸಿದರು. ಐಓಎಸ್ 10.2 ಇದ್ದ 6ಎಸ್ ಫೋನುಗಳು ಬಹುಪಾಲು ಒಂದೇ ಶಿಖರದ ಸುತ್ತ ನೆರೆದಿದ್ದುವು. 10.2.1 ಹಾಕಿಸಿಕೊಂಡ ಫೋನುಗಳಲ್ಲಿ ಆ ಶಿಖರದ ಕೆಳಗೆ ಹೊಸ ದಿಣ್ಣೆಗಳು ಎದ್ದಿದ್ದುವು. ತನ್ನಷ್ಟಕ್ಕೆ ತಾನು ಮುಪ್ಪಾದ ವಸ್ತು ಹೀಗೆ ಲೆಕ್ಕವಿಟ್ಟಂತೆ ಮೆಟ್ಟಿಲು ಮೆಟ್ಟಿಲಾಗಿ ನಿಧಾನವಾಗುವುದಿಲ್ಲ. ಇದರ ಹಿಂದೆ ಯಾರದೋ ಕೈಯಿದೆಯೆಂಬುದು ಸ್ಪಷ್ಟವಾಯಿತು.

ಎರಡೇ ದಿನಗಳಲ್ಲಿ ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್ 28ರಂದು ಕ್ಷಮೆ ಯಾಚಿಸಿ, ಗ್ರಾಹಕರು ಹೊಸದನ್ನು ಕೊಳ್ಳಲೆಂದು ಹಳೆಯ ಫೋನಿನ ಆಯುಸ್ಸನ್ನು ತಾನೆಂದೂ ಬೇಕೆಂದು ಕಡಿಮೆ ಮಾಡಿಲ್ಲವೆಂದು ವಿವರಿಸಿತು. ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ಬೆಲೆಯನ್ನು 29 ಡಾಲರಿಗೆ ಇಳಿಸಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ರೋಗ ನಿಜವಾಗಿತ್ತು. ಮದ್ದು ಕೂಡ ಶಾಸ್ತ್ರಸಮ್ಮತವಾದದ್ದೇ. ನಡುದಾರಿಯಲ್ಲಿ ಆರಿಹೋಗುವ ಫೋನಿಗಿಂತ ನಿಧಾನವಾಗಿ ನಡೆಯುವ ಫೋನು ಮೇಲೆಂದು ಯಾರಾದರೂ ಒಪ್ಪಿಯಾರು. ಹಾಗಾದರೆ ತಪ್ಪೆಲ್ಲಿ? ರೋಗಿಗೆ ತಿಳಿಸದೆ ಮದ್ದು ಕುಡಿಸಿದ್ದರಲ್ಲಿ. ತಿಳಿದಿದ್ದರೆ ಎಷ್ಟೋ ಮಂದಿ ಅಲ್ಪಬೆಲೆಯಲ್ಲಿ ಬ್ಯಾಟರಿ ಬದಲಾಯಿಸಿಕೊಂಡು ಸುಮ್ಮನಾಗುತ್ತಿದ್ದರು. ತಿಳಿಯದೆ ಹೋದದ್ದರಿಂದ ‘ಇದರ ಕಾಲ ಮುಗಿಯಿತು’ ಎಂದುಕೊಂಡು ಅಂಗಡಿಯ ಕಡೆಗೆ ನಡೆದವರೂ ಉಂಟು. ಬ್ಯಾಟರಿಯ ಬೆಲೆ ಇಳಿದ ಬಳಿಕ ಜನ ಹೊಸ ಫೋನಿನ ಗೋಜಿಗೇ ಹೋಗಲಿಲ್ಲ. 2019ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್, ನಿರೀಕ್ಷಿತ ವರಮಾನ ತಗ್ಗಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಅಗ್ಗದ ಬ್ಯಾಟರಿ ಬದಲಾವಣೆಯೂ ಒಂದಾಗಿತ್ತು.

ಫ್ರಾನ್ಸ್ ದೇಶದ ತೀರ್ಮಾನವೂ ಈ ದಿಕ್ಕಿನದೇ. ಅಲ್ಲಿನ ವಂಚನಾ ನಿಗ್ರಹ ಇಲಾಖೆ 2020ರ ಫೆಬ್ರವರಿಯಲ್ಲಿ ಆಪಲ್‌ಗೆ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ದಂಡ ಬಿದ್ದದ್ದು ನಿಧಾನಗೊಳಿಸಿದ್ದಕ್ಕಲ್ಲ, ಹೇಳದೆ ಇದ್ದುದಕ್ಕೆ. ಅದಕ್ಕೂ ಮುಂಚೆ, 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು ಆಪಲ್‌ಗೆ ಒಂದು ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತ್ತು. ಹೊಸ ಮಾದರಿಗೆಂದು ರಚಿಸಿದ ತಂತ್ರಾಂಶವನ್ನು ಗ್ಯಾಲಕ್ಸಿ ನೋಟ್ 4ರಂಥ ಹಳೆಯ ಫೋನಿಗೆ ಹಾಕಿಸಿಕೊಳ್ಳುವಂತೆ ಬಳಕೆದಾರರನ್ನು ಒತ್ತಾಯಿಸಲಾಯಿತೆಂಬುದು ಆಪಾದನೆ. ಅಮೆರಿಕದ ಮೊಕದ್ದಮೆಯಲ್ಲಿ ಆಪಲ್, ತಪ್ಪೊಪ್ಪಿಕೊಳ್ಳದೆಯೇ, 50 ಕೋಟಿ ಡಾಲರಿನವರೆಗೆ ಪರಿಹಾರ ಕೊಡಲು 2020ರಲ್ಲಿ ಸಮ್ಮತಿಸಿತು.

ಬಾಗಿಲಿನ ಅಗುಳಿ

ಇಷ್ಟನ್ನು ಓದಿದ ಯಜಮಾನರು ‘ಆಮೇಲೆ’ ಎಂಬ ಗುಂಡಿಯೇ ಲೇಸೆಂದು ತೀರ್ಮಾನಿಸಿದರೆ ಸಹಜ. ಆದರೆ ಕಥೆಯ ಇನ್ನರ್ಧ ಉಳಿದಿದೆ. ಬೆಕ್ಕು ಹಾಲನ್ನು ತೊರೆದು ಬಡವಾಯಿತೆಂಬುದನ್ನು ಮರೆಯಲಾಗದು.

ತಂತ್ರಾಂಶವೆಂಬುದು ಮನುಷ್ಯ ಬರೆದದ್ದು, ಅದರಲ್ಲಿ ಬಿರುಕುಗಳಿರುತ್ತವೆ. ಕಳ್ಳರಿಗೆ ಬೇಕಾದುದು ಅಂಥ ಬಿರುಕೇ. 2015ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಪತ್ತೆಯಾಯಿತು. ಚಿತ್ರಸಹಿತವಾದ ಒಂದು ಸಂದೇಶ ಬಂದರೆ ಸಾಕು, ಒಳನುಗ್ಗಲು ದಾರಿಯಾಗುತ್ತಿತ್ತು. ಆ ಆಗಸ್ಟಿನಿಂದಲೇ ಗೂಗಲ್ ಪ್ರತಿ ತಿಂಗಳೂ ರಕ್ಷಣೆಯ ತೇಪೆಗಳನ್ನು ಹೊರಡಿಸುವ ಕ್ರಮ ಹಿಡಿಯಿತು. 2021ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಶೋಧಕರು ಐಫೋನಿನಲ್ಲಿ ಇನ್ನೂ ಭಯಾನಕವಾದ ಬಿರುಕೊಂದನ್ನು ಕಂಡುಹಿಡಿದರು. ಬಳಕೆದಾರ ಏನನ್ನೂ ಮುಟ್ಟದಿದ್ದರೂ ಗೂಢಚಾರ ತಂತ್ರಾಂಶ ಒಳಸೇರುತ್ತಿತ್ತು. ಸೆಪ್ಟೆಂಬರ್ 13ರಂದು ಆಪಲ್ ಅದನ್ನು ಮುಚ್ಚಿತು. ಹತ್ತು ದಿನಗಳ ಬಳಿಕ, ಹೊಸ ವ್ಯವಸ್ಥೆಗೆ ಏರಲಾರದ ಐಫೋನ್ 5ಎಸ್ ಮತ್ತು 6ರಂಥ ಹಳೆಯ ಫೋನುಗಳಿಗೂ ಐಓಎಸ್ 12.5.5ರ ಮೂಲಕ ಅದೇ ರಕ್ಷಣೆ ದೊರೆಯಿತು. ಐಫೋನ್ 5ಎಸ್ ಮಾರಾಟಕ್ಕೆ ಬಂದದ್ದು 2013ರಲ್ಲಿ. ಅದಕ್ಕೆ 2023ರ ಜನವರಿಯಲ್ಲಿಯೂ ಒಂದು ತೇಪೆ ಬಂದಿತು.

ಒಂದು ಕಾಲದಲ್ಲಿ ಫೋನು ಕಳೆದರೆ ಕಳೆಯುತ್ತಿದ್ದುದು ನಾಲ್ಕು ದೂರವಾಣಿ ಸಂಖ್ಯೆಗಳು. 2016ರಲ್ಲಿ ಯುಪಿಐ ಬಂದ ಬಳಿಕ ತರಕಾರಿಯ ದುಡ್ಡಿನಿಂದ ಹಿಡಿದು ಮಕ್ಕಳ ಶಾಲೆಯ ಫೀಸಿನವರೆಗೆ ಎಲ್ಲವೂ ಅದರೊಳಗಿಂದಲೇ ಸಾಗುತ್ತಿದೆ. ಮನೆಯ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಅಲ್ಲಿದೆಯೆಂದರೆ ತಪ್ಪಾಗಲಾರದು. ಅಂಥ ಬಾಗಿಲಿನ ಅಗುಳಿ ಸಡಿಲವಾಗಿದ್ದರೂ ‘ಆಮೇಲೆ ನೋಡೋಣ’ ಎಂದು ಮಲಗುವುದು ಜಾಣತನವಲ್ಲ.

ಎರಡು ಬಗೆ, ಎರಡು ನೀತಿ

ಆದ್ದರಿಂದ ವಿವೇಕಿಯಾದವನು ಮೊದಲು ಮಾಡಬೇಕಾದುದು ಎರಡು ಬಗೆಯ ನವೀಕರಣಗಳನ್ನು ಬೇರ್ಪಡಿಸಿ ನೋಡುವುದು. ಒಂದು, ರಕ್ಷಣೆಯ ಸಣ್ಣ ತೇಪೆ. ಅದು ಅಗುಳಿಯನ್ನು ಬಿಗಿಮಾಡುವ ಕೆಲಸ. ಇನ್ನೊಂದು, ಕಾರ್ಯವ್ಯವಸ್ಥೆಯನ್ನೇ ಬದಲಿಸುವ ದೊಡ್ಡ ನವೀಕರಣ. ಅದು ಮನೆಯ ಗೋಡೆ ಒಡೆದು ಕಟ್ಟಿಸಿದಂತೆ. ಮೊದಲನೆಯದನ್ನು ತಡಮಾಡದೆ ಹಾಕಿಸಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಪುಟಗಳಲ್ಲಿ ಕಾರ್ಯವ್ಯವಸ್ಥೆಯ ಸಂಖ್ಯೆಯೂ, ಕೊನೆಯ ರಕ್ಷಣಾ ತೇಪೆಯ ದಿನಾಂಕವೂ ಬೇರೆಬೇರೆಯಾಗಿಯೇ ಕಾಣುತ್ತವೆ. ಎರಡನೆಯದಕ್ಕೆ ಒಂದೆರಡು ವಾರ ಕಾದು, ಅದೇ ಮಾದರಿಯ ಫೋನುಳ್ಳವರ ಅನುಭವ ಕೇಳಿ, ಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೆ ಕಡೆ ಪ್ರತಿಮಾಡಿ, ಫೋನಿನಲ್ಲಿ ಸಾಕಷ್ಟು ಎಡೆ ತೆರವುಮಾಡಿ ಮುಂದುವರಿದರೆ ನಷ್ಟವೇನಿಲ್ಲ.

ದೊಡ್ಡ ನವೀಕರಣವೆಲ್ಲ ಕೇಡೆಂದೂ ಭಾವಿಸಬಾರದು. ಬ್ಯಾಟರಿಯ ಗಲಭೆಯ ಮರುವರ್ಷ, 2018ರಲ್ಲಿ ಬಂದ ಐಓಎಸ್ 12ರ ಮುಖ್ಯ ಉದ್ದೇಶಗಳಲ್ಲೊಂದು ಹಳೆಯ ಫೋನುಗಳನ್ನು ಚುರುಕುಗೊಳಿಸುವುದೇ ಆಗಿತ್ತು. ಐದು ವರ್ಷ ಹಳೆಯದಾದ 5ಎಸ್‌ಗೂ ಅದು ದೊರೆಯಿತು. ಅದೇ ವರ್ಷದ ಮಾರ್ಚಿನಲ್ಲಿ ಬಂದ ಐಓಎಸ್ 11.3, ಬ್ಯಾಟರಿಯ ಆರೋಗ್ಯವೆಷ್ಟು, ಫೋನನ್ನು ನಿಧಾನಗೊಳಿಸಲಾಗಿದೆಯೆ ಎಂಬುದನ್ನು ಬಳಕೆದಾರನ ಕಣ್ಣಿಗೇ ತೋರಿಸಿತು. ಬೇಡವೆಂದರೆ ನಿಲ್ಲಿಸುವ ಅವಕಾಶವನ್ನೂ ಕೊಟ್ಟಿತು. ಮದ್ದು ಅದೇ. ಬಾಟಲಿಯ ಮೇಲೆ ಹೆಸರು ಬರೆದುದಷ್ಟೇ ಹೊಸದು. ಗಲಭೆ ತಣ್ಣಗಾಗಲು ಅದು ಬಹುಮಟ್ಟಿಗೆ ಸಾಕಾಯಿತು.

ಆದರೂ ನಂಬಿಕೆ ಒಂದೇ ದಿನದಲ್ಲಿ ಮರಳುವ ವಸ್ತುವಲ್ಲ. 2021ರಲ್ಲಿ ಆಪಲ್, ಹೊಸ ಐಓಎಸ್ 15ಕ್ಕೆ ಏರದೆ ಐಓಎಸ್ 14ರಲ್ಲಿಯೇ ಉಳಿದು ರಕ್ಷಣೆಯ ತೇಪೆಗಳನ್ನು ಪಡೆಯಬಹುದೆಂದಿತು. 2022ರ ಜನವರಿಯ ಹೊತ್ತಿಗೆ ಆ ಅನುಕೂಲ ತಾತ್ಕಾಲಿಕವಾದುದೆಂದು ಹಿಂತೆಗೆಯಿತು. 2025ರ ಜನವರಿಯಲ್ಲಿ ಗೂಗಲ್ ತನ್ನ 2020ರ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಇಳಿಯುವ ನವೀಕರಣವೊಂದನ್ನು ಕಳುಹಿಸಿ, ಕೆಲವುಗಳಲ್ಲಿ ಬ್ಯಾಟರಿಯ ಬಳಕೆಯ ಮಿತಿಯನ್ನು ತಗ್ಗಿಸಿತು. ಈ ಸಲ ವಿಷಯವನ್ನು ತಿಳಿಸಿತ್ತು. ಉಚಿತ ಬ್ಯಾಟರಿ ಅಥವಾ ಹಣದ ಪರಿಹಾರವನ್ನೂ ಮುಂದಿಟ್ಟಿತ್ತು. ಬೇಡವೆನ್ನುವ ಗುಂಡಿಯೊಂದೇ ಇರಲಿಲ್ಲ.

ಕಾನೂನು ಕೂಡ ನಿಧಾನವಾಗಿ ಹೆಜ್ಜೆಯಿಡುತ್ತಿದೆ. 2025ರ ಜೂನ್ 20ರಿಂದ ಯೂರೋಪಿನ ಒಕ್ಕೂಟದಲ್ಲಿ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ಅದಕ್ಕೆ ನವೀಕರಣಗಳು ದೊರೆಯಬೇಕು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಭಾಷೆ ಕೊಟ್ಟಿವೆ. ಆಯುಸ್ಸು ಹೆಚ್ಚಿದ್ದು ಸಂತೋಷದ ಮಾತೇ. ಆದರೆ ಏಳು ವರ್ಷ ಕಳುಹಿಸುವ ಮದ್ದಿನಲ್ಲಿ ಏನೇನಿದೆಯೆಂದು ಪ್ರತಿಸಲವೂ ಮನೆಮಾತಿನಲ್ಲಿ ತಿಳಿಸಿದಾಗ ಮಾತ್ರ ಜನ ಅದನ್ನು ಧೈರ್ಯದಿಂದ ಕುಡಿದಾರು.

ಅಲ್ಲಿಯವರೆಗೆ ಯಜಮಾನರ ಬೆರಳು ಆ ಎರಡು ಗುಂಡಿಗಳ ನಡುವೆ ತಡೆಯುವುದು ತಪ್ಪದು. ತಡೆಯಲಿ, ತಪ್ಪೇನೂ ಇಲ್ಲ. ಆ ತಡೆಯುವ ಕ್ಷಣದಲ್ಲಿ ಕನ್ನಡಕ ಏರಿಸಿ, ಬಂದಿರುವುದು ಅಗುಳಿಯೋ ಗೋಡೆಯೋ ಎಂದು ಓದಿ ನೋಡಿದರಾಯಿತು. ಅಗುಳಿಯಾಗಿದ್ದರೆ, ಅಂದೇ ರಾತ್ರಿ, ಮಲಗುವ ಮುನ್ನವೇ ‘ಈಗ’ ಎಂಬುದನ್ನು ಒತ್ತಿ ನಿಶ್ಚಿಂತೆಯಿಂದ ನಿದ್ರಿಸಬಹುದು.